'ದಾರೀಲಿದೀನಿ' ಅನ್ನೋ ಸುಳ್ಳು, '21 ದಿನ' ಅನ್ನೋ ಇನ್ನೊಂದು ಸುಳ್ಳು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರದ ಪುರವಣಿಯಲ್ಲಿ ಅಭ್ಯಾಸಗಳ ಬಗ್ಗೆ ಒಂದು ಪುಟ ಪೂರ್ತಿ ಲೇಖನ ಬಂದಿತ್ತಲ್ಲ, 21 ದಿನ ಬಿಡದೆ ಮಾಡಿದ್ರೆ ಯಾವ ಅಭ್ಯಾಸ ಆದ್ರೂ ಕೂತ್ಕೊಳ್ಳುತ್ತೆ, ಆಮೇಲೆ ನಿಮ್ಮ ಸ್ವಭಾವವೇ ಬದಲಾಗುತ್ತೆ, ಯೋಚನೆ ಮಾಡೋ ರೀತಿಯೇ ಬದಲಾಗುತ್ತೆ ಅಂತ, ಅದನ್ನ ಓದಿದ ದಿನಾನೇ ಒಂದು ಪತ್ರ ಬರೀಬೇಕು ಅಂದ್ಕೊಂಡೆ, ನಾಳೆ ಬರೆದ್ರಾಯ್ತು ಅಂತ ಬಿಟ್ಟೆ, ನಾಡಿದ್ದು ಅಂದೆ, ಇವತ್ತು ಕೂತಿದೀನಿ. ಹೀಗೆ ಮುಂದಕ್ಕೆ ಹಾಕೋದೂ ಒಂದು ಅಭ್ಯಾಸಾನೇ, ಅದರ ಬಗ್ಗೆ ಮಾತ್ರ ನಿಮ್ಮ ಲೇಖಕರು ಏನೂ ಬರೆದಿರ್ಲಿಲ್ಲ.

ಲೇಖನ ಕೆಟ್ಟದಾಗಿತ್ತು ಅಂತಲ್ಲ, ವಿಷಯ ಒಳ್ಳೇದೇ. ದಿನಾ ಮಾಡೋ ಸಣ್ಣಪುಟ್ಟ ಕೆಲಸಗಳೇ ಸೇರಿ ಮನುಷ್ಯನ ಗುಣ ಆಗೋದು ಅನ್ನೋದನ್ನ ನಾನೂ ಒಪ್ತೀನಿ, ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ಯಾರಿಗೆ ಗೊತ್ತಿಲ್ಲ ಹೇಳಿ. ಆದ್ರೆ ಅದರಲ್ಲಿ ಎರಡು ತಪ್ಪಿದ್ವು, ಮತ್ತೆ ಒಂದು ಮುಖ್ಯವಾದ ಮಾತು ಬಿಟ್ಟೇ ಹೋಗಿತ್ತು. ನಾನು 27 ವರ್ಷದಿಂದ ಅಕೌಂಟ್ಸ್ ಸೆಕ್ಷನ್‌ನಲ್ಲಿ ಕೆಲಸ ಮಾಡ್ತಿರೋನು, ತಪ್ಪು ಎಂಟ್ರಿ ಕಣ್ಣಿಗೆ ಬಿದ್ರೆ ಸುಮ್ನೆ ಕೂರೋಕಾಗಲ್ಲ.

ಮೊದಲು ಆ 21 ದಿನದ ಕಥೆ. ಇದು ಎಲ್ಲಿಂದ ಹುಟ್ಟಿತು ಅಂತ ನೋಡಿದ್ರೆ ನಗು ಬರುತ್ತೆ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ರು, 1960ರಲ್ಲಿ ಅವರ ಒಂದು ಪುಸ್ತಕ ಬಂತು, ಅದರಲ್ಲಿ ಅವರು ಬರೆದಿದ್ದು ಇಷ್ಟೇ, ಮುಖದ ಆಪರೇಷನ್ ಆದ ಪೇಷಂಟ್‌ಗಳಿಗೆ ಕನ್ನಡಿಯಲ್ಲಿ ಕಾಣೋ ಹೊಸ ಮುಖ ರೂಢಿಯಾಗೋಕೆ ಕಡಿಮೆ ಅಂದ್ರೂ ಸುಮಾರು 21 ದಿನ ಬೇಕಾಗುತ್ತೆ ಅಂತ. ಅದು ಅವರು ಕಣ್ಣಲ್ಲಿ ನೋಡಿ ಹೇಳಿದ ಮಾತು, ಲೆಕ್ಕ ಇಟ್ಟು ಮಾಡಿದ ಸ್ಟಡಿ ಅಲ್ಲ. ಬಾಯಿಂದ ಬಾಯಿಗೆ ಹೋಗ್ತಾ ಹೋಗ್ತಾ 'ಕಡಿಮೆ ಅಂದ್ರೂ' ಬಿದ್ದುಹೋಯ್ತು, 'ಸುಮಾರು' ಬಿದ್ದುಹೋಯ್ತು, ಕೊನೆಗೆ ಆ ಮುಖವೂ ಬಿದ್ದುಹೋಗಿ ಉಳಿದಿದ್ದು ಬರೀ 21. ನಿಜವಾಗಿ ಲೆಕ್ಕ ಇಟ್ಟು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತೆ ಅವರ ಜೊತೆಯವರು. 96 ಜನರನ್ನ ತಗೊಂಡು 12 ವಾರ ದಿನಾ ಕೇಳಿದ್ರು, ನೀವು ಆರಿಸ್ಕೊಂಡ ಕೆಲಸ ಇವತ್ತು ಮಾಡಿದ್ರಾ, ಯೋಚನೆ ಮಾಡದೇ ತಾನಾಗೇ ಆಯ್ತಾ ಅಂತ. 2009ರಲ್ಲಿ ಬಂದ ಆ ಲೆಕ್ಕದ ಪ್ರಕಾರ ಮಧ್ಯದವರಿಗೆ 66 ದಿನ, ಬೇಗ ಆದವರಿಗೆ 18, ನಿಧಾನದವರಿಗೆ 254. 12 ವಾರ ಅಂದ್ರೆ 84 ದಿನ, ಅದರಲ್ಲಿ 254 ಹೇಗೆ ಬಂತು ಅಂತ ನಂಗೂ ಅನುಮಾನ ಬಂತು, ಗ್ರಾಫಿನಲ್ಲಿ ಏರ್ತಾ ಹೋದ ಗೆರೆಯನ್ನ ಹಾಗೇ ಮುಂದಕ್ಕೆ ಎಳೆದು ಹಾಕಿದ ಅಂದಾಜು ಅದು. ಇನ್ನೊಂದು ವಿಷಯಾನೂ ಅವರಿಗೆ ಕಂಡಿತು, ಮಧ್ಯದಲ್ಲಿ ಒಂದು ದಿನ ತಪ್ಪಿದ್ರೆ ಹೇಳ್ಕೊಳ್ಳುವಂಥ ನಷ್ಟ ಏನೂ ಆಗಲ್ಲ. ನಿಮ್ಮ ಲೇಖನದಲ್ಲಿ 'ಒಂದೇ ಒಂದು ದಿನ ಬಿಟ್ಟರೂ ಮತ್ತೆ ಮೊದಲಿನಿಂದ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ರಿ. ಹಾಗೆ ಹೇಳೋದ್ರಿಂದ ಎಷ್ಟು ಜನ ಐದನೇ ದಿನ ತಪ್ಪಿದ ಕೂಡ್ಲೇ 'ನನ್ನ ಕೈಲಿ ಆಗಲ್ಲಪ್ಪ' ಅಂತ ಬಿಟ್ಟುಬಿಟ್ಟಿರ್ತಾರೋ ಏನೋ.

ಎರಡನೇ ತಪ್ಪು ಆ ಪುಟದ ಮೂಲೆಯ ಬಾಕ್ಸಿನದು. 'ನಾವು ಮತ್ತೆ ಮತ್ತೆ ಏನು ಮಾಡ್ತೀವೋ ಅದೇ ನಾವು' ಅನ್ನೋ ಅರ್ಥದ ಮಾತು ಹಾಕಿ ಕೆಳಗೆ ಅರಿಸ್ಟಾಟಲ್ ಅಂತ ಬರೆದಿದ್ರಿ, ಗಡ್ಡದ ಚಿತ್ರಾನೂ ಇತ್ತು. ಆ ವಾಕ್ಯ ಅರಿಸ್ಟಾಟಲ್‌ದಲ್ಲ ಸ್ವಾಮಿ, ಅವನ ವಿಚಾರ ವಿವರಿಸ್ತಾ 1926ರಲ್ಲಿ ವಿಲ್ ಡ್ಯುರಾಂಟ್ ಅನ್ನೋ ಅಮೆರಿಕದ ಬರಹಗಾರರು ತಮ್ಮ ಮಾತಲ್ಲಿ ಬರೆದ ಸಾಲು. ಇದೇನು ದೊಡ್ಡ ಅಪರಾಧ ಅಲ್ಲ, ಪ್ರಪಂಚದಲ್ಲಿ ಅರ್ಧ ಜನ ಇದೇ ತಪ್ಪು ಮಾಡ್ತಾರೆ. ಆದ್ರೆ ನಂಗೆ ಹೊಟ್ಟೆ ಉರಿದಿದ್ದು ಯಾಕೆ ಅಂದ್ರೆ ಅರಿಸ್ಟಾಟಲ್ ನಿಜವಾಗಿ ಹೇಳಿದ್ದು ಇದಕ್ಕಿಂತ ಚೆನ್ನಾಗಿದೆ. ಮನೆ ಕಟ್ಟಿ ಕಟ್ಟಿ ಮನೆ ಕಟ್ಟೋನಾಗ್ತಾನೆ, ವಾದ್ಯ ನುಡಿಸಿ ನುಡಿಸಿ ವಾದ್ಯಗಾರ ಆಗ್ತಾನೆ, ಹಾಗೇ ನ್ಯಾಯದ ಕೆಲಸ ಮಾಡ್ತಾ ಮಾಡ್ತಾ ನ್ಯಾಯವಂತ ಆಗ್ತಾನೆ ಅಂತ ಹೇಳಿ ಅಲ್ಲಿಗೇ ನಿಲ್ಲಲ್ಲ ಅವನು, ಒಳ್ಳೆ ವಾದ್ಯಗಾರ ಹುಟ್ಟೋದೂ ನುಡಿಸೋದ್ರಿಂದಲೇ, ಕೆಟ್ಟ ವಾದ್ಯಗಾರ ಹುಟ್ಟೋದೂ ನುಡಿಸೋದ್ರಿಂದಲೇ ಅಂತ ಸೇರಿಸ್ತಾನೆ. ಪ್ರಾಕ್ಟೀಸ್ ಮಾಡಿದ್ರೆ ಒಳ್ಳೇದಾಗುತ್ತೆ ಅನ್ನೋದು ಅರ್ಧ ಮಾತು, ತಪ್ಪಾಗಿ ನುಡಿಸ್ತಾ ಇದ್ರೆ ತಪ್ಪೇ ಕೈಗೆ ಕೂತ್ಕೊಳ್ಳುತ್ತೆ. ನಮ್ಮಲ್ಲೂ ಇದನ್ನೇ ಇನ್ನೂ ಚಿಕ್ಕದಾಗಿ ಹೇಳಿದಾರೆ, ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನಿಮ್ಮ ಲೇಖನದ ತುಂಬಾ ರಾಗ ಇತ್ತು, ನರಳೋದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ.

ಈಗ ಬಿಟ್ಟುಹೋದ ಮಾತಿಗೆ ಬರ್ತೀನಿ. ಅದರಲ್ಲಿ ಪಟ್ಟಿ ಮಾಡಿದ್ದ ಅಭ್ಯಾಸಗಳೆಲ್ಲ ಏನು? ಬೆಳಿಗ್ಗೆ ಐದಕ್ಕೆ ಏಳೋದು, ತಣ್ಣೀರು ಸ್ನಾನ, ಓಡೋದು, ಡೈರಿ ಬರೆಯೋದು, ದಿನಕ್ಕೆ ಹತ್ತು ಪೇಜ್ ಓದೋದು. ಎಲ್ಲ ಒಳ್ಳೇವೇ, ಬೇಡ ಅನ್ನಲ್ಲ. ಆದ್ರೆ ಐದಕ್ಕೆ ಎದ್ದು ಓಡಿ ಬಂದು ತಣ್ಣೀರು ಸ್ನಾನ ಮಾಡಿ ಹತ್ತು ಪೇಜ್ ಓದಿ ಒಂಬತ್ತು ಗಂಟೆಗೆ ಕೈಕೆಳಗಿನವರ ಮೇಲೆ ಕೂಗಾಡೋ ಜನರನ್ನ ನಾನು ನೋಡಿದೀನಿ, ನೀವೂ ನೋಡಿರ್ತೀರಾ. ಆ ಪಟ್ಟಿ ಯಶಸ್ಸಿಗೆ ಸಂಬಂಧಪಟ್ಟಿದ್ದು, ಗುಣಕ್ಕೆ ಸಂಬಂಧಪಟ್ಟಿದ್ದಲ್ಲ. ಗುಣ ಅನ್ನೋದು ಕಟ್ಟಿಕೊಳ್ಳೋದು ಯಾರೂ ಪಟ್ಟಿ ಮಾಡದ ಅಭ್ಯಾಸಗಳಿಂದ, ಅವು ಅಭ್ಯಾಸ ಅಂತ ನಮಗೇ ಗೊತ್ತಿರಲ್ಲ. ಬೇರೆಯವರು ಮಾತು ಮುಗಿಸೋ ಮುಂಚೆ 'ಗೊತ್ತು ಗೊತ್ತು' ಅನ್ನೋದು. ಎದುರಿಗಿರೋರು ಮಾತಾಡ್ತಿದ್ರೆ ಮೊಬೈಲ್ ನೋಡ್ತಾ 'ಹೂಂ ಹೂಂ' ಅನ್ನೋದು. ತಪ್ಪು ಆದ ಕೂಡ್ಲೇ ಮೊದಲು ಬಾಯಿಗೆ ಬರೋದು 'ನಾನಲ್ಲ' ಅಂತಾನಾ ಅಥವಾ 'ಎಲ್ಲಿ, ನೋಡೋಣ' ಅಂತಾನಾ ಅನ್ನೋದು. ವೆಂಡಿ ವುಡ್ ಅನ್ನೋ ಅಮೆರಿಕದ ಸಂಶೋಧಕಿ ಮತ್ತೆ ಜೊತೆಯವರು ಜನಗಳಿಗೆ ಗಂಟೆಗೊಂದು ಸಲ ಈಗ ಏನು ಮಾಡ್ತಿದೀರಾ, ಏನು ಯೋಚಿಸ್ತಿದೀರಾ ಅಂತ ಬರೆದಿಡೋಕೆ ಹೇಳಿದ್ರಂತೆ, 2002ರಲ್ಲಿ ಬಂದ ಅದರ ಪ್ರಕಾರ ಸುಮಾರು ನೂರಕ್ಕೆ 43 ಭಾಗ ಕೆಲಸಗಳು ಹೆಚ್ಚುಕಮ್ಮಿ ದಿನಾ ಅದೇ ಜಾಗದಲ್ಲಿ, ಮನಸ್ಸು ಬೇರೆಲ್ಲೋ ಇರುವಾಗ ನಡೆಯೋವು. ಅಂದ್ರೆ ಎಚ್ಚರವಾಗಿದೀವಿ ಅಂದ್ಕೊಂಡಿರೋ ಹೊತ್ತಲ್ಲೂ ಅರ್ಧಕ್ಕೆ ಹತ್ತಿರ ಕೆಲಸ ನಾವು ಮಾಡ್ತಿಲ್ಲ, ಅದು ಆಗ್ತಿದೆ ಅಷ್ಟೇ.

ನನ್ನದೇ ಒಂದು ಹೇಳ್ತೀನಿ, ನಾಚಿಕೆ ಆಗುತ್ತೆ ಆದ್ರೂ ಹೇಳ್ತೀನಿ. ನಂಗೆ 'ದಾರೀಲಿದೀನಿ' ಅನ್ನೋ ಅಭ್ಯಾಸ ಇತ್ತು. ಫೋನ್ ಬಂದು ಎಲ್ಲಿದೀಯಾ ಅಂದ್ರೆ ಸಾಕು, ತಲೆ ಒರೆಸ್ಕೊಳ್ತಾ ಇದ್ರೂ, ಶರ್ಟ್ ಹುಡುಕ್ತಾ ಇದ್ರೂ, ಬಾಯಿ ತಾನಾಗೇ 'ಆಗ್ಲೇ ಹೊರಟೆ, ದಾರೀಲಿದೀನಿ, ಹತ್ತೇ ನಿಮಿಷ' ಅಂತಿತ್ತು. ಸುಳ್ಳು ಹೇಳ್ತಿದೀನಿ ಅಂತ ಒಂದು ಸಲವಾದ್ರೂ ಅನ್ನಿಸಿದ್ರೆ ಕೇಳಿ. ಎಲ್ಲರೂ ಹೇಳ್ತಾರೆ, ಕೇಳಿದವರಿಗೂ ಗೊತ್ತಿರುತ್ತೆ, ಹತ್ತು ನಿಮಿಷ ಅಂದ್ರೆ ಅರ್ಧ ಗಂಟೆ ಅಂತ ಅವರೇ ಲೆಕ್ಕ ಹಾಕ್ಕೊಳ್ತಾರೆ, ಯಾರಿಗೆ ಏನು ನಷ್ಟ, ಹೀಗಿತ್ತು ನನ್ನ ಧೋರಣೆ. ಹೀಗೇ ಇಪ್ಪತ್ತು ಇಪ್ಪತ್ತೈದು ವರ್ಷ ನಡೀತು.

ಒಂದು ಸಲ ಆಫೀಸಲ್ಲಿ ಆಡಿಟ್ ಇತ್ತು. ನನ್ನ ಕೈಕೆಳಗೆ ಕೆಲಸ ಮಾಡೋ ಹುಡುಗ ಹಿಂದಿನ ದಿನ ರಾತ್ರಿ ಮನೆಗೆ ಒಯ್ದು ಚೆಕ್ ಮಾಡಿದ್ದ ಫೈಲ್‌ಗಳನ್ನ ಬೆಳಿಗ್ಗೆ ತರಬೇಕಿತ್ತು. ಹೊತ್ತಾಯ್ತು, ಬರ್ಲಿಲ್ಲ, ಫೋನ್ ಮಾಡಿದೆ. 'ಸರ್ ದಾರೀಲಿದೀನಿ, ಗಾಡಿ ಕೆಟ್ಟು ನಿಂತಿದೆ, ನೀವು ಸ್ವಲ್ಪ ಬಂದು ಕರ್ಕೊಂಡು ಹೋಗೋಕಾಗುತ್ತಾ' ಅಂದ. ನಾನು ಮನಸ್ಸಲ್ಲೇ ನಕ್ಕೆ. ಮಗ ಇನ್ನೂ ಹಾಸಿಗೆ ಬಿಟ್ಟಿಲ್ಲ, ಗಾಡಿ ಬೇರೆ ಸೇರಿಸ್ತಿದಾನೆ ಅಂದ್ಕೊಂಡೆ. 'ಆಯ್ತಪ್ಪ, ನಿಧಾನಕ್ಕೆ ಬಾ' ಅಂತ ಸ್ವಲ್ಪ ವ್ಯಂಗ್ಯವಾಗೇ ಹೇಳಿ ಇಟ್ಟೆ. ಮುಕ್ಕಾಲು ಗಂಟೆ ಆದ್ಮೇಲೆ ಬಂದ, ಬಿಸಿಲಲ್ಲಿ ಗಾಡಿ ತಳ್ಕೊಂಡು ಬಂದಿದ್ದ, ಶರ್ಟ್ ಬೆನ್ನಿಗೆ ಅಂಟಿತ್ತು, ಬೆವರು ತಾಗ್ಬಾರ್ದು ಅಂತ ಫೈಲ್‌ಗಳನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ್ದ. ಬೈಲಿಲ್ಲ, ಮುಖ ಗಂಟು ಹಾಕ್ಲಿಲ್ಲ, ಟೇಬಲ್ ಮೇಲೆ ಇಟ್ಟು 'ನಿಜವಾಗ್ಲೂ ದಾರೀಲೇ ಇದ್ದೆ ಸರ್' ಅಂದ ಅಷ್ಟೇ.

ಅವತ್ತು ರಾತ್ರಿ ಕೂತು ನೆನಪು ಮಾಡ್ಕೊಂಡೆ, ಈ ಹುಡುಗ ಇದಕ್ಕೆ ಮುಂಚೆ ನನ್ನ ಹತ್ರ ಯಾವತ್ತಾದ್ರೂ ಹಾಗೆ ಸುಳ್ಳು ಹೇಳಿದ್ನಾ ಅಂತ. ಒಂದೂ ಸಿಗ್ಲಿಲ್ಲ. ನಾನು ಅವನನ್ನ ನಂಬದೇ ಇದ್ದಿದ್ದು ಅವನ ಚರಿತ್ರೆ ನೋಡಿ ಅಲ್ಲ, ನನ್ನ ಚರಿತ್ರೆ ನೋಡಿ. ನನ್ನ ಬಾಯಲ್ಲಿ 'ದಾರೀಲಿದೀನಿ' ಅಂದ್ರೆ 'ಮನೇಲಿದೀನಿ' ಅಂತ ಅರ್ಥ ಆಗಿತ್ತಲ್ಲ, ಅದೇ ಅರ್ಥವನ್ನ ಅವನ ಬಾಯಿಗೂ ತಗುಲಿಸಿದ್ದೆ. ಸಂಪಾದಕರೇ, ನಿಮ್ಮ ಲೇಖನದಲ್ಲಿ ಬಿಟ್ಟುಹೋದದ್ದು ಇದೇ. ಅಭ್ಯಾಸ ನಾವು ಏನು ಮಾಡ್ತೀವಿ ಅನ್ನೋದನ್ನ ಮಾತ್ರ ಬದಲಾಯಿಸಲ್ಲ, ಎದುರಿಗಿರೋರು ನಮಗೆ ಹೇಗೆ ಕಾಣ್ತಾರೆ ಅನ್ನೋದನ್ನೂ ಬದಲಾಯಿಸುತ್ತೆ. ಸುಳ್ಳು ರೂಢಿಯಾದವನಿಗೆ ಊರೆಲ್ಲ ಸುಳ್ಳು ಹೇಳೋ ಹಾಗೆ ಕಾಣುತ್ತೆ, ಕಂಡಿದ್ದನ್ನೆಲ್ಲ ಜೇಬಿಗೆ ಹಾಕ್ಕೊಳ್ಳೋನಿಗೆ ಎಲ್ಲರ ಕೈಯೂ ಜೇಬಿನ ಹತ್ರಾನೇ ಕಾಣುತ್ತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತೀವಲ್ಲ, ನಾನು ಇಷ್ಟು ವರ್ಷ ಅದನ್ನ ಬೇರೆಯವರಿಗೆ ಅಂತಿದ್ದೆ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಒಂದು ವಾದ ಇದೆ, ಡ್ಯಾರಿಲ್ ಬೆಮ್ ಅನ್ನೋರದು, 1972ರಲ್ಲಿ ವಿವರವಾಗಿ ಬರೆದಿದಾರೆ. ನಾವು ನಮ್ಮ ಒಳಗನ್ನ ನೇರವಾಗಿ ನೋಡಿ 'ನಾನು ಇಂಥೋನು' ಅಂತ ತಿಳ್ಕೊಳ್ಳೋದು ಕಡಿಮೆ, ಬೇರೆಯವರನ್ನ ನೋಡೋ ಹಾಗೇ ನಮ್ಮ ನಡವಳಿಕೆಯನ್ನ ನಾವೇ ಹೊರಗಿಂದ ನೋಡಿ ತೀರ್ಮಾನಕ್ಕೆ ಬರ್ತೀವಿ ಅನ್ನೋದು ಅವರ ವಾದ. ದಿನಾ ಎಲ್ಲರಿಗಿಂತ ಕೊನೆಗೆ ಬರೋನು ಒಂದು ದಿನ 'ನಾನು ಲೇಟ್ ಮನುಷ್ಯ ಕಣ್ರೀ' ಅಂತಾನೆ, ಅದೇನೋ ಹುಟ್ಟಿನಿಂದಲೇ ಬಂದ ಮಚ್ಚೆ ಅನ್ನೋ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನೋ ಗಾದೆಯನ್ನ ನಾವು ಎಷ್ಟು ಸಲ ಇಂಥ ಕಡೆ ಬಳಸ್ತೀವಿ ನೋಡಿ, ಹುಟ್ಟಿಗೂ ಅದಕ್ಕೂ ಸಂಬಂಧಾನೇ ಇರಲ್ಲ, ಮೂವತ್ತನೇ ವಯಸ್ಸಲ್ಲಿ ಶುರುವಾದ ಚಾಳಿ ಇರುತ್ತೆ.

ಅಂದಹಾಗೆ ಈ ಪದಗಳೇ ಒಂದು ತಮಾಷೆ. ಅಭ್ಯಾಸ, ರೂಢಿ, ಪರಿಪಾಠ, ಹವ್ಯಾಸ, ಚಾಳಿ, ಚಟ, ಖಯಾಲಿ, ಎಷ್ಟೊಂದು ಇದಾವೆ ನಮ್ಮಲ್ಲಿ. ನನ್ನದಾದ್ರೆ ಅಭ್ಯಾಸ, ಮೇಲಿನವರದಾದ್ರೆ ಪರಿಪಾಠ, ಪಕ್ಕದ ಮನೆಯವರದಾದ್ರೆ ಚಾಳಿ, ಆಗದವರದಾದ್ರೆ ಚಟ. ಅಭ್ಯಾಸ ಅನ್ನೋ ಪದಕ್ಕೆ ಓದು, ಕಲಿಕೆ ಅಂತಾನೂ ಅರ್ಥ ಇದೆ, ಮಕ್ಕಳು ಅಭ್ಯಾಸ ಮಾಡ್ತಿದಾರೆ ಅಂತೀವಿ. ಅಂದ್ರೆ ನಾನು ಇಪ್ಪತ್ತೈದು ವರ್ಷ ದಿನಾ ಸುಳ್ಳಿನ ಪಾಠ ಓದಿ ಚೆನ್ನಾಗಿ ಕಲ್ತಿದ್ದೆ ಅಂತಾಯ್ತು.

ಸಣ್ಣ ಸುಳ್ಳು ಸಣ್ಣದಾಗೇ ಉಳಿಯುತ್ತೆ ಅನ್ನೋದೂ ಖಾತ್ರಿ ಇಲ್ಲ. ಅದೇ ಲಂಡನ್ನಿನ ಕಾಲೇಜಿನ ಕೆಲವರು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಗಾಜಿನ ಜಾರ್‌ನಲ್ಲಿ ಎಷ್ಟು ನಾಣ್ಯ ಇದೆ ಅಂತ ಒಬ್ಬರು ಜೊತೆಯವರಿಗೆ ಸಲಹೆ ಕೊಡಬೇಕು, ತಪ್ಪು ಹೇಳಿದ್ರೆ ಹೇಳಿದವರಿಗೇ ಲಾಭ ಬರೋ ಹಾಗೂ ಕೆಲವು ಸಲ ಇಡ್ತಿದ್ರು. ಶುರುವಲ್ಲಿ ಚೂರೇ ಚೂರು ಹೆಚ್ಚುಕಮ್ಮಿ ಹೇಳಿದ ಜನ ಬರ್ತಾ ಬರ್ತಾ ದೊಡ್ಡ ದೊಡ್ಡ ಸುಳ್ಳು ಹೇಳೋಕೆ ಶುರು ಮಾಡಿದ್ರು, ಅದೇ ಹೊತ್ತಿಗೆ ಸ್ಕ್ಯಾನರ್‌ನಲ್ಲಿ ನೋಡಿದ್ರೆ ಭಾವನೆಗೆ ಸಂಬಂಧಪಟ್ಟ ಅಮಿಗ್ಡಲ ಅನ್ನೋ ಮೆದುಳಿನ ಭಾಗ ಸುಳ್ಳಿಗೆ ಮಿಡಿಯೋದು ಕಡಿಮೆ ಆಗ್ತಾ ಹೋಗಿತ್ತು. ಮೊದಲ ಸಲ ಚುಚ್ಚಿದ್ದು ಹತ್ತನೇ ಸಲ ಚುಚ್ಚಲ್ಲ. ಅಕೌಂಟ್ಸ್‌ನಲ್ಲಿ ಇದು ನಂಗೆ ಸ್ಕ್ಯಾನರ್ ಇಲ್ದೇನೇ ಗೊತ್ತು, ದೊಡ್ಡ ಗೋಲ್‌ಮಾಲ್ ಸಿಕ್ಕಿಬಿದ್ದ ಕಡೆ ಹಿಂದಕ್ಕೆ ಹಿಂದಕ್ಕೆ ಹೋದ್ರೆ ಮೊದಲನೇದು ಯಾವಾಗ್ಲೂ ಚಿಲ್ಲರೆ ವ್ಯವಹಾರಾನೇ, ನಾಳೆ ಹಾಕಿದ್ರಾಯ್ತು ಅಂತ ತೆಗೆದದ್ದು.

ಸರಿ, ಗೊತ್ತಾಯ್ತು, ಇನ್ನು ಸುಳ್ಳು ಹೇಳಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಮರುದಿನ ಬೆಳಿಗ್ಗೆ ಫೋನ್ ಬಂತು, 'ದಾರೀಲಿದೀನಿ' ಅಂದೆ. ಹೇಳಿ ಆದ್ಮೇಲೆ ಗೊತ್ತಾಯ್ತು. ಇದು ಯಾಕೆ ಹೀಗೆ ಅಂತ ಅರ್ಥ ಆಗಿದ್ದು ಹೆನ್ರಿ ಮೊಲಾಸನ್ ಅನ್ನೋ ಮನುಷ್ಯನ ವಿಷಯ ಓದಿದ್ಮೇಲೆ. ಅಮೆರಿಕದವರು, ಮೂರ್ಛೆ ರೋಗ ವಿಪರೀತ ಆಗಿ 1953ರಲ್ಲಿ ಮೆದುಳಿನ ಆಪರೇಷನ್ ಆಯ್ತು, ಹೊಸ ನೆನಪು ಕಟ್ಟೋಕೆ ಬೇಕಾದ ಹಿಪ್ಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಎರಡೂ ಕಡೆ ದೊಡ್ಡ ಪಾಲು ತೆಗೆದ್ರು, ಅಲ್ಲಿಂದ ಮುಂದೆ 2008ರಲ್ಲಿ ಸಾಯೋವರೆಗೂ ಹೊಸದು ಯಾವುದೂ ನೆನಪಲ್ಲಿ ನಿಲ್ತಿರ್ಲಿಲ್ಲ, ಈಗ ಮಾತಾಡಿಸಿ ಹೋದವರು ಸ್ವಲ್ಪ ಹೊತ್ತಲ್ಲೇ ವಾಪಸ್ ಬಂದ್ರೆ ಹೊಸಬರು. ಅವರಿಗೆ ಬ್ರೆಂಡಾ ಮಿಲ್ನರ್ ಅನ್ನೋ ಸಂಶೋಧಕಿ ಕನ್ನಡಿಯಲ್ಲಿ ನೋಡ್ಕೊಂಡು ನಕ್ಷತ್ರದ ಗೆರೆ ತಿದ್ದೋ ಕೆಲಸ ಕೊಟ್ರು, ನಮಗ್ಯಾರಿಗಾದ್ರೂ ಮೊದಲ ಸಲ ಕೈ ಎಲ್ಲೆಲ್ಲೋ ಹೋಗುತ್ತೆ. ಮೂರು ದಿನ ಮಾಡಿಸಿದ್ರು, ಪ್ರತೀ ಸಲ ಇದನ್ನ ನಾನು ಮುಂಚೆ ಮಾಡಿದ ನೆನಪೇ ಇಲ್ಲ ಅನ್ನೋ ಸ್ಥಿತಿ, ಆದ್ರೆ ಕೈ ಮಾತ್ರ ದಿನದಿಂದ ದಿನಕ್ಕೆ ಚೆನ್ನಾಗಿ ತಿದ್ದೋಕೆ ಕಲ್ತುಬಿಟ್ಟಿತ್ತು. ನೆನಪಿನ ಖಾತೆ ಬೇರೆ, ರೂಢಿಯ ಖಾತೆ ಬೇರೆ. ನಿಮ್ಮ ಲೇಖನ ಓದಿದ್ದು, ತೀರ್ಮಾನ ಮಾಡಿದ್ದು ಎಲ್ಲ ಒಂದು ಖಾತೆಗೆ ಜಮಾ ಆಗುತ್ತೆ, ಬಾಯಿ ಖರ್ಚು ಮಾಡೋದು ಇನ್ನೊಂದು ಖಾತೆಯಿಂದ. ಉಪದೇಶ ಕೇಳಿ ಯಾರೂ ಬದಲಾಗದೇ ಇರೋದು ಅವರ ಸೊಕ್ಕಿನಿಂದ ಅಂತ ನಾನು ತಿಳ್ಕೊಂಡಿದ್ದೆ, ಹಾಗೇನಿಲ್ಲ, ಕೇಳಿದ ಕಿವಿಗೂ ಮಾಡೋ ಕೈಗೂ ನೇರ ದಾರಿ ಇಲ್ಲ ಅಷ್ಟೇ.

ಹಾಗಾಗಿ ತೀರ್ಮಾನ ಬಿಟ್ಟು ಒಂದು ಸಣ್ಣ ಕೆಲಸ ಮಾಡಿದೆ. ಎಲ್ಲಿದೀಯಾ ಅಂತ ಕೇಳಿದ್ರೆ ಉತ್ತರ ಕೊಡೋ ಮುಂಚೆ ಕಾಲ ಕೆಳಗೆ ನೋಡೋದು. ಮನೆ ನೆಲ ಕಂಡ್ರೆ 'ಮನೇಲಿದೀನಿ' ಅನ್ನೋದು. ನಗಬೇಡಿ, ಇಷ್ಟೇ. ಶುರುವಲ್ಲಿ 'ದಾರೀ… ಅಲ್ಲ ಅಲ್ಲ, ಇನ್ನೂ ಮನೇಲೇ ಇದೀನಿ, ಹೊರಡೋಕೆ ಕಾಲು ಗಂಟೆ ಬೇಕು' ಅಂತ ಅರ್ಧಕ್ಕೆ ನಿಲ್ಸಿ ತಿದ್ದಬೇಕಾಗ್ತಿತ್ತು, ನನ್ನ ಹೆಂಡತಿ 'ಏನ್ರೀ, ತೊದಲು ಶುರುವಾಯ್ತಾ' ಅಂದಳು. ಆಶ್ಚರ್ಯ ಅಂದ್ರೆ ನಿಜ ಹೇಳಿದ್ದಕ್ಕೆ ಒಬ್ಬರೂ ಬೇಜಾರು ಮಾಡ್ಕೊಳ್ಲಿಲ್ಲ, 'ಓ ಹಾಗಾದ್ರೆ ಅಷ್ಟರಲ್ಲಿ ನಾನು ಈ ಕೆಲಸ ಮುಗಿಸ್ತೀನಿ' ಅಂದವರೇ ಜಾಸ್ತಿ. ಕೂತ್ಕೊಳ್ಳೋಕೆ ಸುಮಾರು ನಾಲ್ಕು ತಿಂಗಳು ಹಿಡೀತು, 21 ದಿನದಲ್ಲಿ ಆಗಿದ್ದು ತೊದಲೋದು ಮಾತ್ರ. ಆಮೇಲೆ ನಾನು ಕೇಳದೇ ಇದ್ದ ಬದಲಾವಣೆಗಳು ಬಂದ್ವು. ಹಿಂದಿನ ತಾರೀಖು ಹಾಕಿ ಸೈನ್ ಮಾಡೋದು ನಮ್ಮಲ್ಲಿ ಮಾಮೂಲು, ಅದು ಯಾಕೋ ಕೈಗೆ ಒಗ್ಗದ ಹಾಗಾಯ್ತು. ಯಾರಾದ್ರೂ ಲೇಟಾಗಿ ಬಂದು ಕಾರಣ ಹೇಳಿದ್ರೆ ಮೊದಲು ನಗ್ತಿದ್ದವನು ಈಗ 'ಹೌದಾ, ಏನಾಯ್ತು' ಅಂತ ಕೇಳ್ತೀನಿ, ಕೇಳೋಕೆ ಪ್ರಯತ್ನ ಮಾಡ್ತಿಲ್ಲ, ನಿಜವಾಗ್ಲೂ ಏನಾಯ್ತು ಅಂತ ತಿಳ್ಕೊಳ್ಳಬೇಕು ಅನ್ಸುತ್ತೆ.

ಇದೇ ಥರದ್ದು, ನನಗಿಂತ ಬಹಳ ದೊಡ್ಡವರೊಬ್ಬರದು ಇದೆ, ಅಮೆರಿಕದ ಹಳೇ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ದು. ಆತ ಯುವಕನಾಗಿದ್ದಾಗ 13 ಗುಣಗಳ ಪಟ್ಟಿ ಮಾಡಿ, ಪುಟ್ಟ ನೋಟ್‌ಬುಕ್ಕಲ್ಲಿ ಗೆರೆ ಎಳೆದು, ವಾರಕ್ಕೊಂದು ಗುಣ ಅಂತ ಇಟ್ಕೊಂಡು, ತಪ್ಪಿದ ದಿನಕ್ಕೆಲ್ಲ ಕಪ್ಪು ಚುಕ್ಕೆ ಇಡ್ತಿದ್ದ ಅನ್ನೋದನ್ನ ಎಲ್ಲರೂ ಬರೀತಾರೆ, ನಿಮ್ಮ ಲೇಖನದಲ್ಲೂ ಇತ್ತು. ಆದ್ರೆ ಅದರಲ್ಲಿ 'ಅಚ್ಚುಕಟ್ಟು' ಅನ್ನೋ ಗುಣ ತನಗೆ ಕೊನೆವರೆಗೂ ಹತ್ತಲಿಲ್ಲ ಅಂತ ಆತನೇ ಆತ್ಮಕಥೆಯಲ್ಲಿ ಒಪ್ಕೊಂಡಿದಾನೆ, ಅದನ್ನ ಬಿಟ್ಟಿದ್ರಿ. ನಂಗೆ ಇಷ್ಟ ಆಗೋದು ಚುಕ್ಕೆಗಳಲ್ಲ, ವಿನಯದ ಕಥೆ. ಮೊದಲು ಆತನ ಪಟ್ಟಿಯಲ್ಲಿ ವಿನಯ ಇರ್ಲೇ ಇಲ್ಲ, 12 ಮಾತ್ರ ಇತ್ತು, ನೀನು ಜಂಭದ ಮನುಷ್ಯ, ಮಾತಲ್ಲಿ ಎದುರಿನವರನ್ನ ತುಳಿದುಬಿಡ್ತೀಯಾ ಅಂತ ಒಬ್ಬ ಸ್ನೇಹಿತ ಉದಾಹರಣೆ ಸಮೇತ ಹೇಳಿದ್ಮೇಲೆ ಸೇರಿಸಿದ. ಮನಸ್ಸಲ್ಲಿ ವಿನಯ ತರೋದು ಆಗೋ ಮಾತಲ್ಲ ಅಂತ ಆತನಿಗೆ ಗೊತ್ತಿತ್ತು, ಹಾಗಾಗಿ ಬಾಯಿಗೆ ಒಂದು ನಿಯಮ ಹಾಕ್ಕೊಂಡ. 'ಖಂಡಿತ', 'ನಿಸ್ಸಂದೇಹವಾಗಿ' ಅನ್ನೋ ಥರದ ಪದ ಬಳಸಲ್ಲ, ಅದರ ಬದಲು 'ನಂಗೆ ಹೀಗನ್ಸುತ್ತೆ', 'ಸದ್ಯಕ್ಕೆ ಹೀಗೆ ಕಾಣ್ತಿದೆ' ಅಂತೀನಿ ಅಂತ. ಯಾರಾದ್ರೂ ತಪ್ಪು ಹೇಳಿದ್ರೆ ಮುಖಕ್ಕೆ ಹೊಡೆದ ಹಾಗೆ ತಿದ್ದಲ್ಲ ಅಂತ. ಮೊದಮೊದಲು ಸ್ವಭಾವಕ್ಕೆ ವಿರುದ್ಧವಾಗಿ ಒತ್ತಾಯ ಮಾಡ್ಬೇಕಾಯ್ತಂತೆ, ಬರ್ತಾ ಬರ್ತಾ ಎಷ್ಟು ರೂಢಿ ಆಯ್ತು ಅಂದ್ರೆ ಸುಮಾರು 50 ವರ್ಷ ತನ್ನ ಬಾಯಿಂದ ಹಠದ ಮಾತು ಬಂದಿದ್ದನ್ನ ಯಾರೂ ಕೇಳಿರ್ಲಿಕ್ಕಿಲ್ಲ ಅಂತ ವಯಸ್ಸಾದ್ಮೇಲೆ ಬರೀತಾನೆ. ತಾನು ತಪ್ಪು ಅಂತ ಗೊತ್ತಾದಾಗ ಅವಮಾನ ಕಡಿಮೆ ಆಗ್ತಿತ್ತು, ಸರಿ ಇದ್ದಾಗ ಎದುರಿನವರು ಸುಲಭವಾಗಿ ಒಪ್ತಿದ್ರು ಅಂತಾನೂ ಸೇರಿಸ್ತಾನೆ. ಬರೀ ನಾಲ್ಕು ಪದ ಬದಲಾಯಿಸಿದ್ದು. ಕೊನೆಗೆ ಒಂದು ಕುಟುಕು ಬೇರೆ, ಜಂಭವನ್ನ ಪೂರ್ತಿ ಗೆದ್ದೆ ಅಂದ್ಕೊಂಡ್ರೂ ಆ ವಿನಯದ ಬಗ್ಗೇನೇ ಜಂಭ ಬರುತ್ತೇನೋ ಅಂತ. ಆ ಮನುಷ್ಯನ ಮೇಲೆ ನಂಬಿಕೆ ಬರೋದು ಆ ಒಂದು ಸಾಲಿನಿಂದ.

ಜಾಗದ ವಿಷಯ ಒಂದು ಹೇಳಿಬಿಡ್ತೀನಿ, ಯಾಕಂದ್ರೆ ಅದೂ ನಿಮ್ಮಲ್ಲಿ ಇರ್ಲಿಲ್ಲ, ಎಲ್ಲಾ ಮನೋಬಲ ಮನೋಬಲ ಅಂತಾನೇ ಇತ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬರು ಹೆರಾಯಿನ್‌ಗೆ ದಾಸರಾಗಿದ್ರು, 1971ರಲ್ಲಿ ವಾಪಸ್ ಬಂದವರನ್ನ ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಹಿಂಬಾಲಿಸಿ ನೋಡಿದ್ರೆ, ಹಾಗೆ ದಾಸರಾಗಿದ್ದವರಲ್ಲಿ ಮೊದಲ ವರ್ಷ ಮತ್ತೆ ಅದಕ್ಕೇ ಬಿದ್ದವರು ನೂರಕ್ಕೆ ಐದು ಜನ ಮಾತ್ರ. ಹೆರಾಯಿನ್ ಬಿಡೋದು ಸುಲಭ ಅಂತ ಅಲ್ಲ ಇದರರ್ಥ, ದಯವಿಟ್ಟು ಹಾಗೆ ಓದಬೇಡಿ. ಆ ಭಯ, ಆ ಕ್ಯಾಂಪ್, ಆ ಜೊತೆಗಾರರು, ಕೈಗೆ ಸುಲಭವಾಗಿ ಸಿಗ್ತಿದ್ದ ಸರಕು, ಇವೆಲ್ಲ ಹಿಂದೆ ಉಳಿದ್ವು, ಚಟದ ಬಹುಪಾಲು ಅವುಗಳ ಜೊತೆಗೇ ಅಲ್ಲೇ ಉಳೀತು. ನಮ್ಮ ಎಷ್ಟೋ ಗುಣಾವಗುಣಗಳು ನಮ್ಮ ಒಳಗಲ್ಲ, ನಾವು ದಿನಾ ಕೂರೋ ಕುರ್ಚೀಲಿ, ಜೊತೆಗೆ ಕೂರೋರ ಮಾತಲ್ಲಿ ಇರ್ತವೆ.

ಅದಕ್ಕೇ ಇನ್ನೊಂದು ಆಕ್ಷೇಪಣೆ. ಲೇಖನದ ಕೊನೆಯಲ್ಲಿ 'ಸೋತವರು ಸೋತಿದ್ದು ತಮ್ಮ ಅಭ್ಯಾಸಗಳಿಂದ' ಅನ್ನೋ ಅರ್ಥ ಬರೋ ಹಾಗೆ ಬರೆದಿದ್ರಿ. ಇದು ತುಂಬಾ ಅನ್ಯಾಯದ ಮಾತು. ಎರಡು ಕಡೆ ಕೆಲಸ ಮಾಡಿ ರಾತ್ರಿ ಒಂದು ಗಂಟೆಗೆ ಮಲಗೋರಿಗೆ ಐದಕ್ಕೆ ಎದ್ದು ಡೈರಿ ಬರೀರಿ ಅಂತ ಹೇಳೋಕೆ ಯಾವ ಬಾಯಿ ಬರುತ್ತೆ? ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, ತಿನ್ನದೇ ಕಾದ್ರೆ ಇನ್ನೊಂದು ಕೊಡ್ತೀನಿ ಅನ್ನೋ ಪ್ರಸಿದ್ಧ ಪ್ರಯೋಗಾನೂ ನೀವು ಉದಾಹರಣೆಗೆ ತಗೊಂಡಿದ್ರಿ, ಕಾದ ಮಕ್ಕಳೇ ಮುಂದೆ ಗೆದ್ರು ಅಂತ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಕೊಂಡು ಅದನ್ನ ಮತ್ತೆ ಪರೀಕ್ಷೆ ಮಾಡಿದಾಗ, ಆ ಸಂಬಂಧ ಮೊದಲು ಹೇಳಿದ್ದಕ್ಕಿಂತ ಸಣ್ಣದು ಅಂತ ಗೊತ್ತಾಯ್ತು, ಮನೆಯ ಹಿನ್ನೆಲೆಯಂಥ ವಿಷಯಗಳನ್ನ ಲೆಕ್ಕಕ್ಕೆ ತಗೊಂಡ್ರೆ ಇನ್ನೂ ಬಹಳ ಕುಗ್ಗಿತು. ಮಾತು ಕೊಟ್ಟವರು ನಡೆಸ್ಕೊಡ್ತಾರೆ ಅನ್ನೋ ಮನೇಲಿ ಬೆಳೆದ ಮಗು ಕಾಯುತ್ತೆ, ಕಾದ್ರೆ ಇರೋದೂ ಹೋಗುತ್ತೆ ಅಂತ ಕಂಡ ಮಗು ಬಾಯಿಗೆ ಹಾಕ್ಕೊಳ್ಳುತ್ತೆ, ಅದನ್ನ ದುರಭ್ಯಾಸ ಅನ್ನೋಕೆ ನಂಗೆ ಮನಸ್ಸು ಬರಲ್ಲ. ಹಾಗೆ ನೋಡಿದ್ರೆ ಅಲ್ಲಿ ಪರೀಕ್ಷೆಗೆ ಕೂತಿದ್ದು ಮಗು ಅಲ್ಲ, ಅದಕ್ಕೆ ದಿನಾ 'ಈಗ ಬಂದೆ, ಈಗ ಬಂದೆ' ಅಂತಿದ್ದ ದೊಡ್ಡವರು.

ಪತ್ರ ಉದ್ದ ಆಯ್ತು ಅಂತ ಗೊತ್ತು. ನಿಮ್ಮ ಜಾಗಕ್ಕೆ ತಕ್ಕ ಹಾಗೆ ಕತ್ತರಿಸಿ, ನನ್ನ ಆಫೀಸಿನ ಕಥೆ ಬೇಕಾದ್ರೆ ಪೂರ್ತಿ ತೆಗೀರಿ, ಆದ್ರೆ 21 ದಿನದ್ದು ಮತ್ತೆ ಅರಿಸ್ಟಾಟಲ್‌ದು ಮಾತ್ರ ತಿದ್ದುಪಡಿ ಅಂತ ಎಲ್ಲಾದ್ರೂ ಎರಡು ಸಾಲು ಹಾಕಿ, ಪುರವಣಿಯಲ್ಲೇ ಹಾಕಿ, ಕಾಣದ ಮೂಲೆಯಲ್ಲಲ್ಲ.

ನಾನೇನು ಪೂರ್ತಿ ಸರಿ ಹೋದೆ ಅಂತ ತಿಳ್ಕೋಬೇಡಿ. ಈ ಪತ್ರ ಬರೀತಾ ಇರೋವಾಗ್ಲೇ ಸ್ನೇಹಿತನೊಬ್ಬನ ಫೋನ್ ಬಂತು, ಸಂಜೆ ಐದೂವರೆಗೆ ಸಿಗೋಣ ಅಂದಿದ್ವಿ, ಮರೆತೇ ಹೋಗಿತ್ತು. 'ಎಲ್ಲಿದೀಯೋ, ನಾನು ಆಗ್ಲೇ ಬಂದು ಕಾಯ್ತಿದೀನಿ' ಅಂದ. ಪೆನ್ನು ಕೈಯಲ್ಲಿದೆ, ಕಾಲಲ್ಲಿ ಮನೆ ಚಪ್ಪಲಿ, ಕೆಳಗೆ ನೋಡೋದೂ ಮರೆತು 'ಬಂದೆ ಬಂದೆ, ದಾರೀಲಿದೀನಿ' ಅಂದುಬಿಟ್ಟೆ. ಇಟ್ಟ ಮೇಲೆ ಈ ಹಾಳೆ ಕಡೆ ನೋಡಿ ಮುಖ ಬಿಸಿಯಾಯ್ತು, ತಕ್ಷಣ ವಾಪಸ್ ಫೋನ್ ಮಾಡಿ, ಇಲ್ಲ ಮಾರಾಯ, ಸುಳ್ಳು ಹೇಳ್ದೆ, ಇನ್ನೂ ಮನೇಲೇ ಕೂತಿದೀನಿ, ಬರೋಕೆ ಅರ್ಧ ಗಂಟೆ ಆಗುತ್ತೆ ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಜೋರಾಗಿ ನಕ್ಕ. 'ಒಳ್ಳೇದಾಯ್ತು ಬಿಡು, ನಂದೂ ಇನ್ನೂ ಸ್ನಾನ ಆಗಿಲ್ಲ' ಅಂದ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಒಬ್ಬ ಹಳೇ ಓದುಗ